ಹಿಡಿಯೊಳಗಿನ ಬಿರುಕು

"ಚಾಕು ಕೊಡೋ ಮುಂಚೆ ಅದರ ಕುಂದು ಹೇಳ್ಬಿಡು. ಮುಚ್ಚಿಟ್ಟು ಕೊಟ್ರೆ ಆ ಕುಂದು ನಿನ್ನ ಕೈಗೇ ಬಂದು ಕೂರುತ್ತೆ," ಎಂದ ಸಾಣೆಯಜ್ಜ.

ಬೈಂಡರ್ ನಕ್ಕುಬಿಟ್ಟ. "ಶಾಪಕ್ಕೂ ಗ್ಯಾರಂಟಿ ಕಾರ್ಡ್ ಕೊಡ್ತಾರಾ ಅಜ್ಜಾ? ಎಷ್ಟು ವರ್ಷದ್ದು?"

ಅಜ್ಜ ನಗಲಿಲ್ಲ. ಮಸೆದು ಮಸೆದು ಬೂದಿಬಣ್ಣಕ್ಕೆ ತಿರುಗಿದ್ದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಆಚೆ ಹೋದ.

ಅದು ಕೊಕ್ಕರೆ ಮಾರ್ಕಿನ ಚಾಕುಪ್ರೇಮಿಗಳ ವರ್ಷದ ಕೂಟ. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಅಲ್ಲಿಗೆ ಬಂದದ್ದು ಅದೇ ಮೊದಲು. ಭಾನುವಾರ ಬೆಳಗ್ಗೆಯೇ ಆದರೂ ಆ ಮೂರನೇ ಮಹಡಿಯ ಬಾಡಿಗೆ ಕೋಣೆಗೆ ದಪ್ಪ ಪರದೆ ಎಳೆದು ಕತ್ತಲು ಮಾಡಿದ್ದರು. ಒಂದೊಂದು ಮೇಜಿಗೆ ಒಂದೊಂದು ದೀಪ, ದೀಪದ ಕೆಳಗೆ ಸಾಲು ಸಾಲು ಅಲಗು. ಮೆಷಿನ್ ಎಣ್ಣೆ, ಚರ್ಮದ ಒರೆ, ಮಸೆದ ಕಬ್ಬಿಣದ ವಾಸನೆ ಗಂಟಲಿಗೆ ಅಂಟುವಷ್ಟು ದಟ್ಟವಾಗಿತ್ತು. ಎಲ್ಲರ ಎದೆಯ ಮೇಲೂ ಕೊಕ್ಕರೆಯ ಬಿಲ್ಲೆ. ಒಬ್ಬನಂತೂ ಕುತ್ತಿಗೆಗೇ ಹಚ್ಚೆ ಹಾಕಿಸಿಕೊಂಡಿದ್ದ. ಬೇರೆ ಕಂಪನಿಯ ಹೆಸರೆತ್ತಿದರೆ ಬಾಯಿ ತೊಳೆದುಕೊಂಡು ಬಾ ಎನ್ನುವ ಜನ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವರು ಹೆರದೆಯೇ ಮುದ್ದು ಮಾಡುತ್ತಿದ್ದರು.

ಅಜ್ಜ ಹೇಳಿದ ಶಾಪದ ಕತೆ ಅಲ್ಲಿ ಎಲ್ಲರಿಗೂ ಗೊತ್ತು. ಈ ಮಾರ್ಕನ್ನು ಶುರುಮಾಡಿದ ಕಮ್ಮಾರನಿಗೆ ಅವನ ಪಾಲುದಾರ ಬಿರುಕು ಮುಚ್ಚಿದ ಚಾಕು ಕೊಟ್ಟಿದ್ದನಂತೆ. ಅದು ಮುರಿದು ಚಿಮ್ಮಿ ಕಮ್ಮಾರನ ಒಂದು ಕಣ್ಣು ಹೋಯಿತು. ಅವನು ಜಗಳಕ್ಕೆ ಹೋಗಲಿಲ್ಲ, ಮಾಟಗಾರನ ಬಳಿಗೆ ಹೋದ. ಕೊಕ್ಕರೆಯ ಅಚ್ಚಿಗೆ ಮಂತ್ರ ಹಾಕಿಸಿ ತಂದ. ಆ ಅಚ್ಚು ಬಿದ್ದ ಪ್ರತಿ ಚಾಕುವಿನಲ್ಲೂ ಆ ಮಾಟ ಇದೆ ಎಂಬುದು ಅವರ ನಂಬಿಕೆ. ಆದ್ದರಿಂದಲೇ ವಿನಿಮಯದ ಮೇಜಿನಲ್ಲಿ ಒಂದು ಕಟ್ಟಳೆ: ಕೊಡುವವರು ಚಾಕುವಿನ ಮೇಲೆ ಕೈಯಿಟ್ಟು ಅದರ ಕುಂದನ್ನು ಗಟ್ಟಿಯಾಗಿ ಹೇಳಬೇಕು. ತೆಗೆದುಕೊಳ್ಳುವವರು "ಕೇಳಿದೆ" ಅನ್ನಬೇಕು.

ಒಬ್ಬ ದಪ್ಪ ಮೀಸೆಯವನು ಕೈಯಿಟ್ಟು, "ನಮ್ಮತ್ತೆ ಇದನ್ನ ಸ್ಟೀಲ್ ನಾರು ಹಾಕಿ ಉಜ್ಜಿದಾರೆ," ಎಂದ. ಸಾವಿನ ಸುದ್ದಿ ಕೇಳಿದವರಂತೆ ಎಲ್ಲರೂ ಲೊಚಗುಟ್ಟಿದರು.

ಬೈಂಡರನ ಸರದಿ ಬಂತು. ಅವನ ಚಾಕುವಿಗೂ ಒಂದು ಕತೆಯಿತ್ತು. ಮೂರು ತಿಂಗಳ ಹಿಂದೆ ಕೆಲಸದ ಆತುರದಲ್ಲಿ ಅವನು ಅಂಟಿನ ಡಬ್ಬಿಯ ಮುಚ್ಚಳವನ್ನು ಅದರಿಂದ ಮೀಟಿ ತೆಗೆದಿದ್ದ. ಚಾಕು ಪ್ರೀತಿಸುವವರಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಹಿಡಿಯೊಳಗೆ ಸಣ್ಣಗೆ "ಟಿಕ್" ಎಂದಿತ್ತು. ಬಿಚ್ಚಿ ನೋಡಿದರೆ ಅಲಗಿನ ಬುಡದಲ್ಲಿ ಕೂದಲೆಳೆಯ ಬಿರುಕು. ಅಂಟು ತುಂಬಿ, ಮರದ ಹಿಡಿ ಕೂರಿಸಿ, ಯಾರೂ ಕಂಡುಹಿಡಿಯದಂತೆ ಉಜ್ಜಿದ್ದ. ಒಡೆದದ್ದನ್ನು ಒಡೆದೇ ಇಲ್ಲವೆಂಬಂತೆ ತೋರಿಸುವುದು ಅವನ ಕಸುಬು ತಾನೇ. ಆದರೂ ಅದು ಮನೆಯಲ್ಲಿದ್ದಷ್ಟು ದಿನ ಅವನಿಗೆ ನೆಮ್ಮದಿಯಿರಲಿಲ್ಲ.

ಚೀಲದಕ್ಕ ಅದನ್ನು ಆರಿಸಿಕೊಂಡಳು. ಚರ್ಮದ ಚೀಲ ಹೊಲಿಯುವವಳು, ಇಪ್ಪತ್ತು ವರ್ಷದಿಂದ ಕೊಕ್ಕರೆ ಬಿಟ್ಟು ಬೇರೆ ಮುಟ್ಟದವಳು. ತನ್ನ ಚಾಕುವಿನ ಮೇಲೆ ಕೈಯಿಟ್ಟು, "ತುದಿ ಒಂಚೂರು ಬಾಗಿದೆ," ಎಂದಳು. ದೀಪಕ್ಕೆ ಹಿಡಿದರೂ ಯಾರ ಕಣ್ಣಿಗೂ ಅದು ಕಾಣಲಿಲ್ಲ.

"ಕೇಳಿದೆ," ಎಂದ ಬೈಂಡರ್. ತನ್ನದರ ಮೇಲೆ ಕೈಯಿಟ್ಟ. ಡಬ್ಬಿ ಮೀಟಿದೆ ಎಂದರೆ ಇಡೀ ಕೋಣೆ ಉಗಿಯುತ್ತದೆ. "ಏನೂ ಕುಂದಿಲ್ಲ."

"ಕೇಳಿದೆ," ಎಂದಳು ಚೀಲದಕ್ಕ, ನಗುತ್ತ.

ಮೂರನೇ ದಿನ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷು ಅವನ ಕೈಯಲ್ಲಿ "ಟಿಕ್" ಎಂದು ಎರಡಾಯಿತು. ಆಮೇಲೆ ಬಾಚಣಿಗೆ. ಆಮೇಲೆ ಛತ್ರಿ, ಸೌಟು, ಬಾಗಿಲ ಹಿಡಿ. ಎಲ್ಲವೂ ಸರಿಯಾಗಿ ಅವನ ಕೈ ಹಿಡಿದಲ್ಲೇ. ಮುರಿದ ಜಾಗವನ್ನು ಮೂಸಿದರೆ ಅವನದೇ ಅಂಟಿನ ಕಮಟು.

"ನಿಮ್ಮ ಕೈಗೇನು ಶನಿ ಹಿಡಿದಿದೆಯಾ?" ಎಂದು ಹೆಂಡತಿ ನಕ್ಕಳು. ಅವನೂ ನಕ್ಕ, ಆದರೆ ಮುರಿದ ತುಂಡನ್ನು ಬೆನ್ನ ಹಿಂದೆ ಮರೆಮಾಡಿದ.

ವಾರ ಕಳೆಯುವುದರೊಳಗೆ ಸಾಣೆಯಜ್ಜನ ಫೋನು ಬಂತು. "ಚೀಲದಕ್ಕ ಚರ್ಮ ಕೊಯ್ತಿದ್ದಾಗ ಚಾಕು ಹಿಡಿ ಹತ್ರ ಮುರೀತು. ಎಡಗೈಲಿ ಎರಡು ಬೆರಳಿನ ನರ ಹೋಯ್ತು. ನಿನ್ನ ಚಾಕು ಅಲ್ವಾ?"

"ಹೂಂ."

"ಏನೂ ಇರ್ಲಿಲ್ಲ ಅಂದ್ಯಲ್ಲ?"

"ಇರ್ಲಿಲ್ಲ."

ಅಜ್ಜ ಫೋನು ಇಟ್ಟುಬಿಟ್ಟ.

ಕೂಟದವರ ವಾಟ್ಸಾಪಿನಲ್ಲಿ ಆಗಲೇ ತೀರ್ಪಾಗಿತ್ತು. ಕೊಕ್ಕರೆ ಮುರಿಯೋದುಂಟಾ? ಅವಳೇ ತಿರುಚಿರಬೇಕು. ವಯಸ್ಸಾಯ್ತು, ಹಿಡಿತ ತಪ್ಪಿದೆ. ಮಾರ್ಕಿನ ಮಾನ ಉಳಿಸಲು ಒಬ್ಬೊಬ್ಬರೂ ಅವಳ ಮೇಲೆ ಒಂದೊಂದು ಕಲ್ಲೆಸೆದಿದ್ದರು. ಬೈಂಡರ್ ಓದಿದ. ಎಲ್ಲರ ಕೆಳಗೆ ತಾನೂ ಒಂದು ಹೆಬ್ಬೆರಳು ಒತ್ತಿದ. ಟಿಕ್. ಫೋನಿನ ಗಾಜಿನ ಮೇಲೆ ಆ ಕೊನೆಯಿಂದ ಈ ಕೊನೆಗೆ ಗೆರೆ ಬಿತ್ತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹೇಳಿಬಿಡಬೇಕೆಂದೇ ಮರುದಿನ ಅವಳ ಮನೆಗೆ ಹೋದ. ಹದ ಮಾಡಿದ ಚರ್ಮದ ವಾಸನೆಯ ಜೊತೆ ಔಷಧಿಯ ವಾಸನೆ ಬೆರೆತಿತ್ತು. ಅವಳ ಎಡಗೈ ಬಟ್ಟೆಯ ಉಂಡೆಯಾಗಿ ತೊಡೆಯ ಮೇಲೆ ಕೂತಿತ್ತು.

ಅವನು ಬಾಯಿ ತೆರೆಯುವ ಮೊದಲೇ ಅವಳು, "ತಪ್ಪು ನಂದೇ. ಇಪ್ಪತ್ತು ವರ್ಷದಲ್ಲಿ ಕೊಕ್ಕರೆ ಒಂದಿನ ಕೈ ಕೊಟ್ಟಿಲ್ಲ. ನಾನೇ ತಿರುಚಿರ್ಬೇಕು ಅಲ್ವಾ?" ಎಂದಳು. ಅವಳ ಕಣ್ಣು ಅವನ ಮುಖವನ್ನು ಬಿಡಲಿಲ್ಲ.

ಮಾತು ನಾಲಿಗೆಯ ತುದಿಯಲ್ಲಿತ್ತು. "ದಪ್ಪ ಚರ್ಮ ಆದ್ರೆ ಸ್ವಲ್ಪ ಹುಷಾರಾಗಿರ್ಬೇಕಕ್ಕ," ಎಂದುಬಿಟ್ಟ.

ಅವಳು ತಲೆ ತಗ್ಗಿಸಿದಳು. ಅವನಿಗೆ ಹಾಯೆನಿಸಿತು. ಆ ನಿರಾಳವನ್ನು ನೆನೆದರೆ ಅವನಿಗೆ ಇವತ್ತಿಗೂ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಮೆಟ್ಟಿಲಿಳಿಯುವಾಗ ಕರೆಂಟು ಹೋಯಿತು. ಕತ್ತಲು. ಅಂಟಿನ ವಾಸನೆ. ಅಂಗೈಯೊಳಗೆ ಏನೋ ತಣ್ಣಗೆ ಹರಿಯಿತು, ಮಣಿಕಟ್ಟಿನಿಂದ ಬೆರಳಿಗೆ, ಬೆರಳಿನಿಂದ ಉಗುರಿಗೆ. ಅವನು ಓಡಿದ. ಬೀದಿ ದಾಟಿದ. ಮನೆ ಕಂಡಿತು. ಬಾಗಿಲು ತೆರೆದಿತ್ತು. ಆರು ವರ್ಷದ ಮಗಳು ಹೊಸ್ತಿಲಿನಿಂದ ಹಾರಿ ಬಂದಳು. "ಅಪ್ಪಾ!" ಕೈ ಚಾಚಿದಳು. ಬೇಡ. ಅವನು ಹಿಂದೆ ಸರಿದ. ಅವಳು ಮುಗ್ಗರಿಸಿದಳು. ಬೀಳುತ್ತಾಳೆ. ಹಿಡಿದ. ಹೂವು ಹಿಡಿದಷ್ಟು ಮೆತ್ತಗೆ ಹಿಡಿದ.

ಟಿಕ್.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಮೆತ್ತಗೆ ಹಿಡಿದ್ರೆ ಮೂಳೆ ಹೀಗೆ ಮುರಿಯಲ್ಲ. ನಿಜ ಹೇಳಿ, ಏನು ಮಾಡಿದ್ರಿ?" ಎಂದರು. ಹೆಂಡತಿ ಮಗಳ ಮಂಚವನ್ನು ಬಳಸಿ ಅವನಿದ್ದ ಬದಿಗೆ ಬಂದು, ಅವನಿಗೂ ಮಗಳಿಗೂ ನಡುವೆ ನಿಂತಳು.

ಅವನು ವರಾಂಡದಿಂದ ಸಾಣೆಯಜ್ಜನಿಗೆ ಫೋನು ಮಾಡಿ ಎಲ್ಲ ಒದರಿದ.

"ನಂಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು," ಎಂದ ಅಜ್ಜ. "ಅವಳು 'ಕೇಳಿದೆ' ಅಂದ್ರೆ ಮಾತ್ರ ಬಿಡುತ್ತೆ. ಬೇರೆ ದಾರಿ ಇಲ್ಲ."

ಬೆಳಗಾಗುತ್ತಲೇ ಚೀಲದಕ್ಕನ ಬಾಗಿಲಲ್ಲಿ ನಿಂತು ಅವನು ಬೀದಿಗೆಲ್ಲ ಕೇಳುವಂತೆ ಹೇಳಿದ. ಡಬ್ಬಿ ಮೀಟಿದ್ದು, ಬಿರುಕು, ಅಂಟು, ಒತ್ತಿದ ಹೆಬ್ಬೆರಳು, ಯಾವುದನ್ನೂ ಬಿಡಲಿಲ್ಲ. ಮಗಳ ಕೈಯ ಸುದ್ದಿ ಹೇಳುವಾಗ ಗಳಗಳನೆ ಅತ್ತ.

ಅವನು ಮುಗಿಸಿದ ಮೇಲೆ ಅವಳು ಕೇಳಿದಳು, "ನಿನ್ನೆ ಬಂದಿದ್ರಲ್ಲ?"

"ಬಂದಿದ್ದೆ."

"ನಿನ್ನೆ ಬಂದಿದ್ದು ನನ್ನ ಕೈಗೋಸ್ಕರ. ನಿನ್ನೆ ಅಂದಿದ್ರೆ ಖಂಡಿತ ಕೇಳ್ತಿದ್ದೆ. ಇವತ್ತು ಬಂದಿರೋದು ನಿಮ್ಮ ಮಗಳ ಕೈಗೋಸ್ಕರ." ಅವಳು ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡಳು. "ರಾತ್ರಿಯೆಲ್ಲ ಕೂತ್ಕೊಂಡು ನನ್ನನ್ನೇ ಬೈಕೊಂಡೆ ಕಣಯ್ಯಾ. ಇನ್ನು ಚಾಕು ಮುಟ್ಟೋ ಯೋಗ್ಯತೆ ನಂಗಿಲ್ಲ ಅಂತ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿಸಿದೆ."

"ಅಕ್ಕಾ, ಒಂದೇ ಒಂದು ಮಾತು. ಮಗು ಏನು ತಪ್ಪು ಮಾಡಿದೆ?"

"ಏನೂ ಮಾಡಿಲ್ಲ," ಎಂದಳು ಅವಳು. ಕಣ್ಣಲ್ಲಿ ನೀರಿತ್ತು. ಬಲಗೈಯಿಂದ ನಿಧಾನವಾಗಿ ಬಾಗಿಲು ಹಾಕಿಕೊಂಡಳು. ಅವನು ಕತ್ತಲಾಗುವವರೆಗೆ ಕಾದ. ಬಾಗಿಲು ತೆರೆಯಲಿಲ್ಲ. ಮರುವಾರವೂ, ಅದರ ಮರುವಾರವೂ ತೆರೆಯಲಿಲ್ಲ.

ಮಗಳ ಕೈಯ ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಶಾಲೆ ಶುರುವಾಯಿತು. ಹೆಂಡತಿಗೆ ಜ್ವರವಿದ್ದ ಒಂದು ಬೆಳಗ್ಗೆ ಬಿಡಲು ಅವನೇ ಹೋಗಬೇಕಾಯಿತು. ದೊಡ್ಡ ರಸ್ತೆಯ ಅಂಚಿನಲ್ಲಿ ಮಗಳು ನಿಂತಳು. ಲಾರಿಗಳು ಗಾಳಿ ಸೀಳಿಕೊಂಡು ಹೋಗುತ್ತಿದ್ದವು. ಅವಳು ಅಭ್ಯಾಸದಂತೆ ಕೈ ಚಾಚಿದಳು.

"ನೀನು ಮುಂದೆ ನಡಿ ಪುಟ್ಟಾ, ನಾನು ಹಿಂದೇನೇ ಇದ್ದೀನಿ."

"ಕೈ ಹಿಡ್ಕೋ ಅಪ್ಪಾ."

ಅವನು ಎರಡೂ ಕೈಗಳನ್ನು ಜೇಬಿನ ಆಳಕ್ಕೆ ತುರುಕಿದ. ಅವಳು ಅವನ ಮುಖ ನೋಡಿದಳು, ಜೇಬು ನೋಡಿದಳು. "ನನ್ನ ಮೇಲೆ ಕೋಪಾನಾ?" ಎಂದಳು. ಅವನು ಲಾರಿಗಳ ಕಡೆ ಮುಖ ತಿರುಗಿಸಿದ. ಅವಳು ಪಕ್ಕದಲ್ಲಿ ರಸ್ತೆ ದಾಟಲು ನಿಂತಿದ್ದ ಯಾರೋ ಹೆಂಗಸಿನ ಕೈ ಹಿಡಿದುಕೊಂಡು ದಾಟಿಹೋದಳು. ಆಚೆ ಬದಿ ಸೇರಿದ ಮೇಲೆ ಹಿಂತಿರುಗಿ ನೋಡಲಿಲ್ಲ.