ಇಳಿಜಾರಿನಲ್ಲಿ ಮೊಳೆ ಆಯುವವನು

ಮಾನ್ಯ ವಾಚಕ ಮಹಾಶಯರೇ, ಮಹಾಶಯೆಯರೇ! ಎರಡು ಚಕ್ರ, ಒಂದು ಸರಪಳಿ ಹಾಗೂ ಎರಡು ಹೃದಯಗಳನ್ನು ಕುರಿತಾದ ಈ ವೃತ್ತಾಂತವನ್ನು ತಮ್ಮ ಅವಗಾಹನೆಗೆ ಸವಿನಯವಾಗಿ ಅರ್ಪಿಸಲಾಗಿದೆ. ಇದನ್ನು ಓದುತ್ತಾ ಯಾರೂ ರಸ್ತೆ ದಾಟಬಾರದೆಂದು ವಿಶೇಷ ಪ್ರಾರ್ಥನೆ.

"ಪಕ್ಕಕ್ಕೆ ಹೋಗಿ...! ಅಯ್ಯೋ, ಪಕ್ಕಕ್ಕೆ ಹೋಗಿ ಅಂದ್ರೆ!"

ಸೇತುವೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವಳ ಸೈಕಲ್ಲು ಕೈಮೀರಿ ಧಾವಿಸುತ್ತಿತ್ತು. ಎದುರಿಗೆ ಯಾರೋ ಕುಕ್ಕರಗಾಲಿನಲ್ಲಿ ಕುಳಿತು ನೆಲದಿಂದ ಏನನ್ನೋ ಆಯುತ್ತಿದ್ದ. ತಲೆಯೆತ್ತಿದವನೇ ಬದಿಗೆ ನೆಗೆದು, ದಾಟಿಹೋಗುತ್ತಿದ್ದ ಸೈಕಲ್ಲಿನ ಕ್ಯಾರಿಯರನ್ನು ಒಂದೇ ಕೈಯಲ್ಲಿ ಹಿಡಿದು, ಹತ್ತು ಹೆಜ್ಜೆ ಎಳೆಸಿಕೊಂಡು ಓಡಿ ನಿಲ್ಲಿಸಿದ.

"ಬ್ರೇಕ್ ಇಲ್ವಾ?"

"ಇದೆ... ಹಿಡಿಯಲ್ಲ, ಅಷ್ಟೇ!"

"ಹಾಗಾದ್ರೆ ಅದು ಬ್ರೇಕಲ್ಲ, ಅಲಂಕಾರ."

ಅವಳಿಗೆ ನಗು ಬಂತು. ಅವನ ಇನ್ನೊಂದು ಮುಷ್ಟಿಯಲ್ಲಿ ತುಕ್ಕು ಹಿಡಿದ ಏಳೆಂಟು ಮೊಳೆಗಳಿದ್ದವು. ಏಕೆಂದು ಕೇಳಲು ಆಗ ಅವಳಿಗೆ ತೋಚಲಿಲ್ಲ.

ಅವನು ಇಳಿಜಾರಿನ ಬುಡದಲ್ಲಿದ್ದ ಸೈಕಲ್ ರಿಪೇರಿ ಅಂಗಡಿಯವನು. ಅವಳು ಸೇತುವೆಯಾಚೆ ಕನ್ನಡಕದ ಗಾಜು ಉಜ್ಜುವವಳು. ಅವಳ ಕಾರ್ಖಾನೆಯ ಬಾಗಿಲು ಮೊದಲ ಬಸ್ಸಿಗಿಂತ ಮುಂಚೆಯೇ ತೆರೆಯುತ್ತಿದ್ದುದರಿಂದ, ಸೈಕಲ್ಲಿಲ್ಲದಿದ್ದರೆ ಆ ಕೆಲಸವೂ ಇಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದ ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ್ದರು.

"ಒಂದೇ ಒಂದು ಸಲ ಬಿದ್ದೆ ಅಂತ ಕೇಳಿದ್ರೂ ಸೈಕಲ್ಲಿಗೆ ಬೀಗ, ಪುಟ್ಟೀ!"

ಅಂದಿನಿಂದ ಪ್ರತಿ ಶನಿವಾರ ಸಂಜೆ ಅವಳ ಸೈಕಲ್ಲು ಅವನ ಅಂಗಡಿಯ ಮುಂದೆ ನಿಲ್ಲತೊಡಗಿತು.

"ಬೆಳಿಗ್ಗೆ ಹೊರಡೋ ಮುಂಚೆ ಮೂರು ನೋಡ್ಬೇಕು, ಕನ್ನಡಕದವರೇ. ಗಾಳಿ, ಬ್ರೇಕು, ಚೈನು."

"ಚೈನಿಗೆ ಎಣ್ಣೆ ಹಾಕಿದ್ದೀನಲ್ಲ, ರಿಪೇರಿಯವರೇ!"

"ಹಾಕಿಲ್ಲ, ಸ್ನಾನ ಮಾಡಿಸಿದ್ದೀರಿ. ಕೊಂಡಿಗೊಂದು ಹನಿ ಸಾಕು. ಮಿಕ್ಕಿದ್ದನ್ನ ಒರೆಸಿ, ಇಲ್ಲಾಂದ್ರೆ ಊರ ಧೂಳೆಲ್ಲ ಅಲ್ಲಿಗೇ ನೆಂಟರ ಹಾಗೆ ಬಂದು ಕೂರುತ್ತೆ."

ಮೂರು ತಿಂಗಳಲ್ಲಿ ಅವಳು ಎಲ್ಲವನ್ನೂ ಕಲಿತಳು. ಆದರೂ ಶನಿವಾರ ಬಂತೆಂದರೆ ಚೈನು ಏಕೋ ಸದ್ದು ಮಾಡುತ್ತಿತ್ತು... ಚೈನೋ, ತನ್ನ ಎದೆಯೋ? ಅವಳಿಗೇ ತಿಳಿಯದು!

ಒಂದು ಸಂಜೆ ಕೆಲಸ ಮುಗಿಸಿ ಹೊರಬಂದರೆ ಸೈಕಲ್ಲಿನ ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ವಾಲ್ವೇ ಮಾಯ!

"ನಿನ್ನ ರಿಪೇರಿಯವನೇ ಕಿತ್ಕೊಂಡು ಹೋಗಿದ್ದು, ಕಿಟಕಿಯಿಂದ ನೋಡ್ದೆ," ಎಂದಳು ಫ್ರೇಮು ಜೋಡಿಸುವ ಗೆಳತಿ. "ಆ ಅಂಗಡಿಯವರು ತಾವೇ ಮೊಳೆ ಚೆಲ್ಲಿ ಪಂಕ್ಚರ್ ಮಾಡಿಸ್ತಾರೆ ಅಂತ ಊರೇ ಹೇಳುತ್ತೆ ಕಣೇ. ನೀನೊಬ್ಬಳು ಬೆಪ್ಪಿ!"

ತುಕ್ಕು ಮೊಳೆಗಳ ಆ ಮುಷ್ಟಿ ಅವಳ ಕಣ್ಣ ಮುಂದೆ ಬಂತು. 'ಅಂದರೆ... ಮೊದಲ ದಿನದಿಂದಲೂ ನಾನು ಮೋಸಹೋದೆನೇ?'

ಸೈಕಲ್ಲನ್ನು ತಳ್ಳಿಕೊಂಡೇ ಅಂಗಡಿಗೆ ಹೋದಳು.

"ಗಾಳಿ ಬಿಟ್ಟಿದ್ದು ನೀವೇನಾ?"

"ಹೌದು. ಅದನ್ನ ಹತ್ತಲೇಬೇಡಿ, ಮುಂದಿನ ಫೋರ್ಕಿನಲ್ಲಿ..."

"ಸಾಕು! ರಸ್ತೆಗೆ ಮೊಳೆ ಚೆಲ್ಲಿದ್ದು ಸಾಲದು ಅಂತ ಈಗ ಇದೊಂದಾ?"

ಅವನ ಮುಖ ಬಿಳಿಚಿತು. ಅಂಗೈಯಲ್ಲಿ ವಾಲ್ವನ್ನಿಟ್ಟು ಚಾಚಿದ. ಅವಳು ಅದನ್ನು ಕಸಿದುಕೊಂಡು ಹಿಂತಿರುಗಿಯೂ ನೋಡದೆ ನಡೆದಳು.

ಮನೆಯಂಗಳದಲ್ಲಿ ಪಂಪು ಹಿಡಿದಾಗ, ಅರ್ಧಕ್ಕೆ ನಿಂತ ಆ ಮಾತು ಮನಸ್ಸನ್ನು ಚುಚ್ಚಿತು. ಫೋರ್ಕಿನಲ್ಲಿ... ಏನು? ಗಾಜಿನ ಗೀರು ಹುಡುಕುವ ಪುಟ್ಟ ಭೂತಗನ್ನಡಿಯನ್ನು ಚೀಲದಿಂದ ತೆಗೆದು ಕಣ್ಣಿಗೆ ಹಿಡಿದಳು. ಮುಂಚಕ್ರವನ್ನು ಹಿಡಿದಿಡುವ ಎರಡು ಕಾಲುಗಳು ಕೂಡುವೆಡೆಯಲ್ಲಿ, ಬಣ್ಣದ ಕೆಳಗೆ, ಕೂದಲೆಳೆಯಂಥ ಬಿರುಕು!

ಅಪ್ಪನನ್ನು ಕರೆದು ತೋರಿಸಿ, ಸಂಜೆ ಒಬ್ಬರು ಗಾಳಿ ಬಿಟ್ಟಿದ್ದನ್ನೂ ಹೇಳಿದಳು. ಅಪ್ಪ ಬಿರುಕಿನ ಮೇಲೆ ಹೆಬ್ಬೆರಳಾಡಿಸಿ ಮೆಟ್ಟಿಲ ಮೇಲೆ ಕುಸಿದರು.

"ಆ ಇಳಿಜಾರಲ್ಲಿ ಇದು ಮುರಿದಿದ್ರೆ... ಯಾರಮ್ಮ ಗಾಳಿ ಬಿಟ್ಟು ನಿನ್ನ ತಡೆದಿದ್ದು?"

"ಆ ರಿಪೇರಿ ಅಂಗಡಿಯವರು... ನಾನು ಬೈದು ಬಂದೆ ಅವರಿಗೆ, ಅಪ್ಪಾ."

"ಹಾಗಾದ್ರೆ ಬೀಗ ಹಾಕ್ಬೇಕಾದ್ದು ಸೈಕಲ್ಲಿಗಲ್ಲ, ನಿನ್ನ ಬಾಯಿಗೆ!"

ಮರುದಿನ ಬೆಳಿಗ್ಗೆ ಅವಳು ಎಂದಿಗಿಂತ ಬೇಗನೆ ನಡೆದೇ ಹೊರಟಳು. ಇಳಿಜಾರಿನಲ್ಲಿ ಅವನು ಎಂದಿನಂತೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವಳೂ ಪಕ್ಕದಲ್ಲಿ ಕುಳಿತು, ಕನ್ನಡಕದ ಸಣ್ಣ ತಿರುಪುಗಳನ್ನು ಹೆಕ್ಕುವ ಅಯಸ್ಕಾಂತವನ್ನು ಮಣ್ಣಿನ ಮೇಲೆ ಆಡಿಸಿದಳು. ಟಕ್ ಎಂದು ಮೊಳೆಯೊಂದು ಅಂಟಿಕೊಂಡಿತು.

"ನೀವು ಆಯ್ತಾ ಇದ್ರಿ... ನಾನು ಚೆಲ್ತೀರಿ ಅಂದೆ."

ಅವನು ತಲೆಯೆತ್ತಲಿಲ್ಲ. "ಪೂರ್ತಿ ಸುಳ್ಳಲ್ಲ ಅದು. ನಮ್ಮಪ್ಪ ಚೆಲ್ತಿದ್ರು. ಒಬ್ಬರು ಇಲ್ಲೇ ಬಿದ್ದು ಕಾಲು ಕಳ್ಕೊಂಡ್ರು. ಹೂತುಹೋದ ಮೊಳೆಗಳು ಇವತ್ತಿಗೂ ಮೇಲೆ ಬರ್ತವೆ. ಅಂಗಡಿ ನನ್ನ ಕೈಗೆ ಬಂದ ದಿನದಿಂದ ಆಯ್ತಾನೇ ಇದ್ದೀನಿ. ನಿನ್ನೆ ನೀವು ಹಾಗಂದಾಗ... ಏನಂತ ಹೇಳ್ಲಿ?"

ಅವಳ ಕಣ್ಣು ತುಂಬಿತು. "ಬಿರುಕಿನ ವಿಷಯ ಅಲ್ಲೇ ಹೇಳ್ಬಹುದಿತ್ತಲ್ಲ?"

"ನಿಮ್ಮ ಕಾರ್ಖಾನೆ ಬಾಗಿಲಲ್ಲಿ ಕೇಳ್ದೆ. ಕೆಲಸದ ಹೊತ್ತಲ್ಲಿ ಯಾರನ್ನೂ ಕರೆಯಲ್ಲ ಅಂದ್ರು. ನೀವು ಹತ್ತಿಬಿಟ್ರೆ ಅಂತ ಭಯ ಆಯ್ತು. ವಾಲ್ವ್ ಕಿತ್ಕೊಂಡು, ಬೇರೆ ಫೋರ್ಕ್ ಹುಡುಕೋಕೆ ಓಡ್ದೆ."

"ಅದ್ಸರಿ, ಸೇತುವೆಯಾಚೆ ನಿಮಗೇನು ಕೆಲಸ ಇತ್ತು?"

"ಕೆಲಸ... ಏನೂ ಇರ್ಲಿಲ್ಲ." ಅವನ ಕಿವಿ ಕೆಂಪಾಯಿತು. "ನಿಮ್ಮ ಸೈಕಲ್ ನೋಡೋಕೆ ಬಂದಿದ್ದೆ. ದಿನಾ ಬರ್ತೀನಿ. ನಿಮ್ಮನ್ನೇ ನೋಡೋ ಧೈರ್ಯ ಶನಿವಾರಕ್ಕೆ ಮಾತ್ರ."

ಅವಳು ಅಯಸ್ಕಾಂತದಿಂದ ಇನ್ನೆರಡು ಮೊಳೆ ಹೆಕ್ಕಿದಳು.

"ನನ್ನನ್ನ ಕ್ಷಮಿಸ್ತೀಯಾ?" ಎಂದಳು ಅವಳು, ಮೆಲ್ಲಗೆ.

"ಫೋರ್ಕ್ ಸಿಕ್ಕಿದೆ. ಶನಿವಾರದೊಳಗೆ ಹಾಕಿಕೊಡ್ತೀನಿ."

"ಶನಿವಾರದ ಮಾತು ಬಿಡು. ಇನ್ಮೇಲೆ ದಿನಾ ಬರ್ತೀನಿ."

"ಯಾಕೆ? ಚೈನು ಮತ್ತೆ ಸದ್ದು ಮಾಡುತ್ತಾ?"

"ಚೈನಲ್ಲ ಕಣೋ..."

ಅಯಸ್ಕಾಂತವನ್ನು ಅಂಟಿದ್ದ ಮೊಳೆಗಳ ಸಮೇತ ಅವನ ಅಂಗೈಯಲ್ಲಿಟ್ಟಳು. ಇಟ್ಟ ಕೈಯನ್ನು ಹಿಂತೆಗೆಯಲಿಲ್ಲ.

ಈ ವೃತ್ತಾಂತದ ನಿರೂಪಕನಿಗೂ ಇನ್ನು ಇಲ್ಲಿ ಕೆಲಸವಿಲ್ಲ. ಅದೇ ಅಂಗಡಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿರುವಷ್ಟರಲ್ಲಿ ಅವನ ಸ್ವಂತ ಸೈಕಲ್ಲಿನ ಟ್ಯೂಬಿನ ತೇಪೆ ಒಣಗಿದೆ. ಪುಸ್ತಕ ಚೀಲಕ್ಕೆ, ಚೀಲ ಕ್ಯಾರಿಯರಿಗೆ. ಚಕ್ರವನ್ನೊಮ್ಮೆ ಒತ್ತಿ, ಬ್ರೇಕನ್ನೊಮ್ಮೆ ಹಿಡಿದು, ಚೈನನ್ನೊಮ್ಮೆ ತಿರುಗಿಸಿ ನೋಡಿ ಹೊರಡುತ್ತಿದ್ದಾನೆ. ಇಳಿಜಾರಿನ ರಸ್ತೆ ಗುಡಿಸಿಟ್ಟಂತಿದೆ.