ಮರಳ ಮೇಲೆ ಉಳಿದ ಪಾಲು

"ರೀ... ಈ ಫೋಟೋದಲ್ಲಿರೋ ಸಮುದ್ರ ಎಲ್ಲಿದೆ?"

ಬೆನ್ನ ಹಿಂದಿನಿಂದ ಬಂದ ದನಿಗೆ ಲವಿನಾಳ ಎದೆ ಧಸಕ್ಕೆಂದಿತು.

ಅವಳು ತಕ್ಷಣ ತಿರುಗಲಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ತಲೆಗೆ ಅಜ್ಜಿಯ ಹಳೆಯ ವಸ್ತ್ರ ಸುತ್ತಿ, ದಡದುದ್ದಕ್ಕೂ ಗುಡ್ಡೆಗುಡ್ಡೆಯಾಗಿ ಬಿದ್ದಿದ್ದ ಕಂದು ಕಡಲಕಳೆಯನ್ನು ಹಲುಬೆಯಿಂದ ಗೋರುತ್ತಿದ್ದಳು. ಸುತ್ತಲೂ ಕೊಳೆತ ಮೊಟ್ಟೆಯ ವಾಸನೆ. ಅತಿಥಿ ಸಂಜೆಯ ಹಡಗಿಗೆ ಬರುತ್ತಾನೆ, ಅಷ್ಟರಲ್ಲಿ ಮನೆಯ ಮುಂದಿನ ಇಷ್ಟಗಲವನ್ನಾದರೂ ಚೊಕ್ಕ ಮಾಡಿಬಿಡೋಣ ಎಂದುಕೊಂಡಿದ್ದಳು. ಇವನು ಬೆಳಗಿನ ಹಡಗಿಗೇ ಬಂದುಬಿಟ್ಟಿದ್ದಾನೆ!

ಕೊನೆಗೂ ತಿರುಗಿದಳು.

ಎತ್ತರದ ಯುವಕ. ಹೆಗಲಲ್ಲೊಂದು ಚೀಲ. ಮುಂದೆ ಚಾಚಿದ ಕೈಯಲ್ಲಿ ಮಡಿಕೆ ಬಿದ್ದ ಕಾಗದ. ಅದರಲ್ಲಿ ಬಿಳಿ ಮರಳು, ತಿಳಿನೀಲಿ ನೀರು, ನೀರಿನತ್ತ ಬಾಗಿದ ಒಂದು ತೆಂಗಿನಮರ. ಅವನ ಹಿಂದೆ ಅದೇ ಬಾಗಿದ ತೆಂಗಿನಮರ.

ಉಳಿದದ್ದು ಯಾವುದೂ ಹೊಂದುತ್ತಿರಲಿಲ್ಲ.

"ಇದೇ ಸಮುದ್ರ," ಎಂದಳು ಲವಿನಾ. "ಇದರ ಕೆಳಗಿದೆ."

"ಕೆಳಗಾ?"

"ಹೂಂ. ಕಳೆ ತೆಗೆದ್ರೆ ಸಿಗುತ್ತೆ. ಬೇಕಾದ್ರೆ ನೀವೂ ಹುಡುಕಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ಇದೇನು ಮಾಡಿಬಿಟ್ಟೆ? ಅಜ್ಜಿ ಉರ್ಸಿಲ್ಲಾ ನಿನ್ನೆ ತಾನೇ ಕಟ್ಟುನಿಟ್ಟಾಗಿ ಹೇಳಿದ್ದಳು. ಈ ತಿಂಗಳು ಬಂದ ಮೂರೂ ಅತಿಥಿಗಳು ದಡ ನೋಡಿ ಮರುದಿನವೇ ಚೀಲ ಕಟ್ಟಿದ್ದರು. ಈ ಸಲ ಬರುವವನೂ ಏಳು ದಿನ ಉಳಿಯದೆ ಓಡಿದರೆ, ಅತಿಥಿಗಳಿಗೆ ಬಾಡಿಗೆಗೆ ಕೊಡುವ ಮೂರೂ ಕೋಣೆಗಳಿಗೆ ಬೀಗ. ಲವಿನಾ ಟೊರೊಂಟೋದಲ್ಲಿರುವ ಚಿಕ್ಕಮ್ಮನ ಮನೆಗೆ ಹೊರಡಬೇಕು.

ಸಮುದ್ರವೇ ಇಲ್ಲದ ಊರಿಗೆ...

ಯುವಕ ಕಾಗದ ನೋಡಿದ. ಕಳೆ ನೋಡಿದ. ಅವಳ ಬೂಟು ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ನಕ್ಕುಬಿಟ್ಟ.

"ಇನ್ನೊಂದು ಹಲುಬೆ ಇದೆಯಾ?"

* * *

ಅವನ ಹೆಸರು ಕೆರ್ವಿನ್. ಇವರ ಟೊಬೇಗೋದ ಪಕ್ಕದ ದೊಡ್ಡ ದ್ವೀಪ ಟ್ರಿನಿಡಾಡ್‌ನ ಸ್ಯಾನ್ ಫರ್ನಾಂಡೋದವನು, ಫ್ರಿಡ್ಜ್ ರಿಪೇರಿ ಮಾಡುವವನು.

"ಟ್ರಿನಿಡಾಡ್‌ನೋನಾ?" ಅಜ್ಜಿ ಕಣ್ಣು ಕಿರಿದು ಮಾಡಿದಳು. "ಹಾಗಾದ್ರೆ ಊಟಕ್ಕಿಂತ ಮಾತೇ ಜಾಸ್ತಿ ಇರುತ್ತೆ. ಕೂತ್ಕೋ ಮಗಾ. ತೆಂಗಿನ ರೊಟ್ಟಿ ಬಾಯಲ್ಲಿದ್ದಾಗ್ಲಾದ್ರೂ ಸುಮ್ನಿರ್ತೀಯ."

"ಟೊಬೇಗೋದ ಅಜ್ಜಿಯರು ನಿದ್ದೇಲೂ ಬೈತಾರೆ ಅಂತ ನಮ್ಮ ಕಡೆ ಹೇಳ್ತಾರೆ, ಅಜ್ಜಿ."

"ನಿದ್ದೇಲಿ ಬೈದ್ರೆ ನಿಂಗೆ ಕೇಳಿಸಲ್ಲ ಅಂತಲೇ ಎದ್ದಿರುವಾಗ ಬೈತೀನಿ!"

ಲವಿನಾ ಕೋಕೋ ಟೀ ಬಗ್ಗಿಸುತ್ತ ತಲೆ ತಗ್ಗಿಸಿ ನಕ್ಕಳು. ಆದರೂ ಕಣ್ಣು ಮತ್ತೆ ಮತ್ತೆ ಅವನ ಚೀಲದತ್ತ ಓಡುತ್ತಿತ್ತು. ಜಿಪ್ ತೆರೆದಿದೆಯೋ? ಬಟ್ಟೆ ಹೊರಗೆ ತೆಗೆದಿದ್ದಾನೋ? ನಾಳೆ ಹೊರಡುತ್ತಾನೋ?

ಮರುದಿನ ಅವನು ಹೊರಡಲಿಲ್ಲ. ಅದರ ಮರುದಿನವೂ ಇಲ್ಲ.

ಬೆಳಿಗ್ಗೆ ಇಬ್ಬರೂ ದಡ ಗೋರುವರು. ಮಧ್ಯಾಹ್ನದ ಹೊತ್ತಿಗೆ ಒಂದು ಚಾಪೆಯಷ್ಟು ಬಿಳಿ ಮರಳು ಕಾಣುವುದು. ಸಂಜೆಯ ಅಲೆ ಬಂದು ಅದನ್ನೂ ಮುಚ್ಚುವುದು. ಹೀಗೆ ಮುಚ್ಚಿದಾಗಲೆಲ್ಲ ಲವಿನಾಳಿಗೆ ಅಳು ಬರುತ್ತಿತ್ತು.

"ಇದೆಲ್ಲ ಎಲ್ಲಿಂದ ಬರುತ್ತೆ?" ಎಂದು ಅವನು ಒಮ್ಮೆ ಕೇಳಿದ.

"ನಡುಗಡಲಿಂದ. ಆದ್ರೆ ಅಜ್ಜಿ ಹೇಳೋದೇ ಬೇರೆ. ನೀರೊಳಗೆ ಒಬ್ಬಳು ಕನ್ಯೆ ಇದ್ದಾಳಂತೆ, ಯಾರಿಗೋ ಕಾಯ್ತಾ ಇದ್ದಾಳಂತೆ. ಸುಮ್ನೆ ಕೂರೋಕಾಗದೆ ದಿನವೆಲ್ಲ ತಲೆ ಬಾಚ್ಕೋತಾಳೆ. ಉದುರಿದ ಕೂದಲೆಲ್ಲ ನಮ್ಮ ದಡಕ್ಕೆ..."

"ಪಾಪ. ಅವನು ಬಂದ್ರೆ?"

"ಬಂದೋರೆಲ್ಲ ಕೂದಲು ನೋಡಿ ವಾಪಸ್ ಹೋಗ್ತಾರೆ."

ಅವನು ನಗಲಿಲ್ಲ. ಜೇಬಿನಿಂದ ಆ ಕಾಗದ ತೆಗೆದ.

"ನನ್ನ ಅಂಗಡಿಗೆ ಕಿಟಕಿ ಇಲ್ಲ, ಲವಿನಾ. ಒಂದು ವರ್ಷ ಇದನ್ನೇ ಗೋಡೆಗೆ ಅಂಟಿಸ್ಕೊಂಡಿದ್ದೆ. ಇದೇ ನನ್ನ ಕಿಟಕಿ."

ಆ ಫೋಟೋ ನಾಲ್ಕು ವರ್ಷ ಹಳೆಯದು. ಕೋಣೆಗಳ ವೆಬ್‌ಸೈಟಿಗೆ ಹಾಕಿದವಳು ಅವಳೇ. ಕಳೆ ಬಂದ ಮೇಲೂ ತೆಗೆಯದೆ ಬಿಟ್ಟವಳೂ ಅವಳೇ. ಅವನೊಮ್ಮೆ ಬೈದುಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ. ಫೋಟೋ ಯಾಕೆ ಹೀಗೆ ಎಂದು ಅವನು ಕೇಳಲೇ ಇಲ್ಲ. ಕೇಳದೆ ಅಜ್ಜಿಯ ಗೊರಗೊರ ಫ್ರಿಡ್ಜನ್ನೂ ಸರಿ ಮಾಡಿಕೊಟ್ಟ.

ಇವನು ಹೋಗಬಾರದು... ಏಳು ದಿನಕ್ಕಷ್ಟೇ ಅಲ್ಲ...

ಛೇ! ಏನಿದು ನನ್ನ ಮನಸ್ಸು?

* * *

ಐದನೆಯ ದಿನ ಬೆಳಿಗ್ಗೆ ಶಂಖ ಮೊಳಗಿತು.

ಶಂಖ ಮೊಳಗಿತೆಂದರೆ ಒತ್ನೀಲ್ ಮಾವನ ದೋಣಿ ಕೊಲ್ಲಿಗೆ ಬಲೆ ಸುತ್ತಿದೆ ಎಂದರ್ಥ. ಕೈ ಇದ್ದವರೆಲ್ಲ ಹಗ್ಗ ಎಳೆಯಲು ಓಡಬೇಕು. ಹಗ್ಗ ಮುಟ್ಟಿದವನಿಗೆ ಪಾಲುಂಟು. ಊರವನೇ, ಪರವೂರವನೇ ಎಂದು ಯಾರೂ ಕೇಳುವುದಿಲ್ಲ.

ಬಲೆಯಲ್ಲಿ ಮೀನಿಗಿಂತ ಕಳೆಯೇ ಹೆಚ್ಚು. ಎಳೆದಷ್ಟೂ ಭಾರ. ಕೆರ್ವಿನ್ ಲವಿನಾಳ ಹಿಂದೆಯೇ ನಿಂತು, ಕಾಲನ್ನು ಮರಳಿಗೆ ಊರಿ ಎಳೆದ. ಅಂಗೈ ಸುಲಿಯಿತು.

"ಬಿಡ್ಬೇಡ್ರೋ! ಏಯ್ ಟ್ರಿನಿ, ಅದು ಫ್ರಿಡ್ಜ್ ಬಾಗಿಲಲ್ಲ, ಜೋರಾಗಿ ಎಳಿ!" ಒತ್ನೀಲ್ ಮಾವ ಕೂಗಿದ.

"ಎಳೀತಿದೀನಿ ಮಾವ! ನೀವೇ ಆ ಕಡೆಯಿಂದ ಎಳೀತಿದೀರೇನೋ ಅಂತ ಅನುಮಾನ!"

ಸಾಲಿಗೆ ಸಾಲೇ ನಕ್ಕಿತು. ಅವನ ಉಸಿರು ತನ್ನ ಕತ್ತಿಗೆ ತಾಗಿದಾಗ ಲವಿನಾ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಬಲೆ ದಡಕ್ಕೆ ಬಂತು. ಕಳೆ ಬಿಡಿಸುವಷ್ಟರಲ್ಲಿ ಬಾದಾಮಿ ಎಲೆಗಳನ್ನು ತರಲು ಅವಳು ಮನೆಗೆ ಓಡಿದಳು. ಪಾಲು ಹಾಕುವುದು ಎಲೆಯ ಮೇಲೆ, ಒಂದು ಒಲೆಗೆ, ಎಂದರೆ ಒಂದು ಸಂಸಾರಕ್ಕೆ, ಒಂದು ಎಲೆ. ಅವರವರ ಪಾಲನ್ನು ಅವರವರೇ ಕೈಯಾರೆ ಎತ್ತಿಕೊಳ್ಳಬೇಕು. ಎತ್ತದೆ ಬಿಟ್ಟು ಹೋದರೆ, 'ನಾನು ನಿಮ್ಮವನಲ್ಲ' ಎಂದ ಹಾಗೆ. ಹಾಗೆ ಬಿಟ್ಟು ಹೋದವರನ್ನು ಆ ಊರು ನೋಡಿಯೇ ಇರಲಿಲ್ಲ.

ಅಡುಗೆಮನೆಯಲ್ಲಿ ಅಜ್ಜಿ ಕಾಯುತ್ತಿದ್ದಳು.

"ಅಷ್ಟುದ್ದದ ಹಗ್ಗದಲ್ಲಿ ನಿಂಗೆ ಅವನ ಪಕ್ಕದ ಜಾಗವೇ ಸಿಕ್ಕಿತಾ ಮಗಳೇ?"

ಲವಿನಾಳ ಮುಖಕ್ಕೆ ಬಿಸಿ ಏರಿತು. "ಅಯ್ಯೋ ಅಜ್ಜೀ! ಏಳು ದಿನ ಓಡಿಹೋಗದ ಹಾಗೆ ನೋಡ್ಕೋತಿದೀನಿ ಅಷ್ಟೇ! ಅವನೇನು ನಂಗೆ ನೆಂಟನಾ? ಗಿರಾಕಿ!"

ಅಡುಗೆಮನೆಯ ಕಿಟಕಿಯ ಕೆಳಗೇ ನಲ್ಲಿ. ಅಲ್ಲಿ ಸುಲಿದ ಕೈ ತೊಳೆಯುತ್ತ ನಿಂತಿದ್ದವನನ್ನು ಅವಳು ನೋಡಲಿಲ್ಲ.

ದಡಕ್ಕೆ ಬಂದವಳೇ ಅವನಿಗೆಂದು ಬೇರೆ ಎಲೆ ಹಾಸಿದಳು. ಇದ್ದ ಮೀನುಗಳಲ್ಲೇ ದೊಡ್ಡವೆರಡನ್ನು ಆರಿಸಿ ಇಟ್ಟಳು.

ಕೆರ್ವಿನ್ ಚೀಲ ಹಿಡಿದು ಬಂದ. ಎಲೆಯನ್ನೇ ನೋಡುತ್ತ ನಿಂತ.

"ನಂಗೆ ಬೇಡ."

ಕಳೆ ಬಿಡಿಸುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಯಾಕೆ?" ಎಂದಳು ಲವಿನಾ. "ಟ್ರಿನಿಡಾಡ್‌ನೋರಿಗೆ ನಮ್ಮ ಮೀನೂ ವಾಸನೆ ಬರುತ್ತಾ?"

"ನಾನು ಏಳು ದಿನ ಉಳಿದೆ ಅಂತಲೇ ಎಲ್ಲರಿಗೂ ಹೇಳಿ, ಲವಿನಾ. ಇನ್ನು ನನ್ನನ್ನ ನೋಡ್ಕೊಳ್ಳೋ ಕಷ್ಟ ನಿಮಗೆ ಬೇಡ."

ಅವನು ಚೀಲ ಹೆಗಲಿಗೇರಿಸಿ ಹೊರಟೇಹೋದ. ಆ ಎರಡು ಮೀನುಗಳು ಬಿಸಿಲಲ್ಲಿ ಹೊಳೆಯುತ್ತ ಮರಳ ಮೇಲೇ ಉಳಿದವು. ಯಾರೂ ಮುಟ್ಟಲಿಲ್ಲ.

ಅಷ್ಟೇ ತಾನೇ! ಇವನೂ ಅವರಂತೆಯೇ! ಕೂದಲು ನೋಡಿ ವಾಪಸ್ ಹೋದವನೇ!

ಉರಿಯುವ ಕಣ್ಣಿಗೆ ನೀರು ಹಾಕಿಕೊಳ್ಳಲು ನಲ್ಲಿಗೆ ಬಂದಳು. ಕಲ್ಲಿನ ಮೇಲೆ ಒದ್ದೆಯಾದ ಕಾಗದವೊಂದು ಅಂಟಿಕೊಂಡಿತ್ತು. ಬಿಳಿ ಮರಳು, ನೀಲಿ ನೀರು, ಬಾಗಿದ ತೆಂಗು...

ಅವಳು ತಲೆಯೆತ್ತಿದಳು. ತಲೆಯ ಮೇಲೆಯೇ ಕಿಟಕಿ. ಒಳಗೆ ಅಜ್ಜಿ ತನ್ನಷ್ಟಕ್ಕೆ ಗೊಣಗುವುದೂ ಸ್ಪಷ್ಟವಾಗಿ ಕೇಳುತ್ತಿತ್ತು.

'ನೋಡ್ಕೊಳ್ಳೋ ಕಷ್ಟ...'

ಲವಿನಾ ಆ ಕಾಗದವನ್ನು ಕಲ್ಲಿನಿಂದ ಮೆಲ್ಲಗೆ ಬಿಡಿಸಿಕೊಂಡಳು.

* * *

"ನಿಂಗೆ ಅವನ ಮೇಲೆ ಮನಸ್ಸಿತ್ತಾ?" ಅಜ್ಜಿ ಕೇಳಿದಳು. ಈ ಸಲ ದನಿಯಲ್ಲಿ ಕೀಟಲೆ ಇರಲಿಲ್ಲ.

"ಹೂಂ."

"ಮತ್ತೆ ಗಿರಾಕಿ ಅಂದೆ?"

"ನಾಚಿಕೆಯಾಯ್ತು ಅಜ್ಜಿ... ಹಾಗೇ ಬಂದುಬಿಡ್ತು..."

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಅತ್ತ ಚಿಕ್ಕಮ್ಮ ಟೊರೊಂಟೋದಿಂದ ದಿನಕ್ಕೆರಡು ಸಲ ಕರೆ ಮಾಡಿ, ಯಾವಾಗ ಹೊರಡ್ತೀ ಎಂದು ಕೇಳತೊಡಗಿದಳು.

"ಎರಡು ವಾರ ಕೊಡು ಅಜ್ಜಿ. ಆಮೇಲೆ ಬೀಗ ಹಾಕು. ನಾನೇ ಹೊರಡ್ತೀನಿ."

ಅಂದೇ ಅವಳು ವೆಬ್‌ಸೈಟಿನಿಂದ ನೀಲಿ ಸಮುದ್ರವನ್ನು ತೆಗೆದುಹಾಕಿದಳು. ಒತ್ನೀಲ್ ಮಾವನ ಕೈಗೆ ಫೋನ್ ಕೊಟ್ಟು, ಕಳೆಯ ಗುಡ್ಡೆಯ ಮುಂದೆ ನಿಂತಳು. ಅದೇ ಬೂಟು, ಅದೇ ತಲೆವಸ್ತ್ರ, ಕೈಯಲ್ಲಿ ಹಲುಬೆ.

"ನಗು ಮಗಳೇ!"

"ನಗು ಬರ್ತಿಲ್ಲ ಮಾವ. ಇದ್ದ ಹಾಗೇ ತೆಗಿ."

ಫೋಟೋದ ಕೆಳಗೆ ಬರೆದಳು: 'ನಮ್ಮ ಸಮುದ್ರ ಈಗ ಹೀಗಿದೆ. ಹಿಂದಿನ ಚಿತ್ರ ಹಳೆಯದು, ಅದನ್ನು ಬಿಟ್ಟಿದ್ದು ನನ್ನ ತಪ್ಪು. ನಾನು ಆಡಿದ ಒಂದು ಮಾತೂ ಸುಳ್ಳು. ಒಬ್ಬರ ಪಾಲು ಇಲ್ಲೇ ಉಳಿದಿದೆ. ಬಂದು ಕೈಯಾರೆ ಎತ್ತಿಕೊಳ್ಳಬೇಕು.'

ಆಮೇಲೆ ಕಾಯುವುದು ಶುರುವಾಯಿತು.

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹಡಗಿನ ಹೊತ್ತಿಗೆ ರಸ್ತೆಯ ತಿರುವಿಗೆ ಓಡುವಳು. ವ್ಯಾನಿನಿಂದ ಅಕ್ಕಿ ಚೀಲ ಇಳಿಯುವುದು, ಶಾಲೆಯ ಮೇಷ್ಟ್ರು ಇಳಿಯುವರು, ಅವನು ಇಳಿಯನು. ಮತ್ತೆ ಬಂದು ದಡ ಗೋರುವಳು. ಬಾಚಿದಷ್ಟೂ ಉದುರುತ್ತಿತ್ತು. ನೀರೊಳಗಿನ ಆ ಕನ್ಯೆಯ ಸಂಕಟ ಅವಳಿಗೆ ಈಗ ಚೆನ್ನಾಗಿ ಅರ್ಥವಾಗಿತ್ತು.

ಹನ್ನೊಂದು ದಿನ ಕಳೆದವು. ಚಿಕ್ಕಮ್ಮ ಟಿಕೆಟ್ ಕಳಿಸಿದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಮತ್ತೆ ಶಂಖ.

ಇದೇ ಕೊನೆಯ ಸಲ ಎಂದುಕೊಂಡು ಹೋಗಿ ಹಗ್ಗ ಹಿಡಿದಳು. ಬಲೆ ಬಂಡೆಯಂತೆ ಭಾರವಾಗಿತ್ತು. ಕಾಲು ಜಾರಿತು, ಹಗ್ಗ ಕೈಬಿಟ್ಟಿತು ಎನ್ನುವಷ್ಟರಲ್ಲಿ... ಹಿಂದಿನಿಂದ ಎರಡು ಕೈಗಳು ಅದನ್ನು ಹಿಡಿದವು.

ಅಂಗೈಯ ಅಂಚಿನಲ್ಲಿ ಆಗಷ್ಟೇ ಮಾಯುತ್ತಿದ್ದ ಗಾಯದ ಗೆರೆ.

ಅವಳು ಹಗ್ಗವನ್ನು ಮತ್ತೆ ಹಿಡಿದಳು.

"ರೀ... ಈ ಫೋಟೋದಲ್ಲಿರೋ ಹುಡುಗಿ ಎಲ್ಲಿದ್ದಾಳೆ?"

"ಇಲ್ಲೇ ಇದ್ದಾಳೆ," ಎಂದಳು ಲವಿನಾ, ತಿರುಗದೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಯಾಕೆ ಫೋನ್ ಎತ್ತಲಿಲ್ಲ?"

"ಎತ್ತಿದ್ರೆ ನೀವು 'ಸಾರಿ ಸರ್' ಅಂತೀರಿ ಅನ್ನೋ ಭಯ. ಗಿರಾಕಿಗೆ ಹೇಳೋ ಹಾಗೆ."

"ಆ ಮಾತು ಸುಳ್ಳು, ಕೆರ್ವಿನ್. ಆ ಫೋಟೋಗಿಂತ ದೊಡ್ಡ ಸುಳ್ಳು."

"ಹೊಸ ಫೋಟೋ ನೋಡಿದೆ. ಅದನ್ನೇ ಗೋಡೆಗೆ ಅಂಟಿಸ್ಕೊಂಡೆ. ಆಮೇಲೆ ಒಂದು ಫ್ರಿಡ್ಜೂ ನೆಟ್ಟಗೆ ರಿಪೇರಿ ಆಗ್ಲಿಲ್ಲ."

"ಏಯ್! ಪ್ರೇಮ ಆಮೇಲೆ, ಮೊದ್ಲು ಹಗ್ಗ ಎಳೀರಿ!" ಒತ್ನೀಲ್ ಮಾವ ಗದರಿದ.

ಇಬ್ಬರೂ ಎಳೆದರು. ಬಲೆ ದಡ ಸೇರಿತು.

"ಎಷ್ಟು ದಿನಕ್ಕೆ ಬಂದಿದೀಯ?" ಅವಳಿಗೇ ತಿಳಿಯದಂತೆ 'ನೀವು' ಕಳಚಿಬಿದ್ದಿತ್ತು.

"ಈ ಕಳೆ ಪೂರ್ತಿ ಮುಗಿಯೋವರೆಗೆ."

"ಇದು ಮುಗಿಯೋದಲ್ಲ, ಕೆರ್ವಿನ್."

"ಗೊತ್ತು. ಈ ಊರಿನ ಫ್ರಿಡ್ಜ್‌ಗಳೂ ಅಷ್ಟೇ."

ಅವಳು ಅಳುತ್ತಲೇ ನಕ್ಕಳು. ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ಅಜ್ಜಿ ಕೋಣೆಗಳಿಗೆಂದು ತೆಗೆದಿಟ್ಟಿದ್ದ ಬೀಗಗಳನ್ನು ಮತ್ತೆ ಮೊಳೆಗೆ ತೂಗುಹಾಕುವುದು ಕಾಣಿಸಿತು.

ಒತ್ನೀಲ್ ಮಾವ ಬಾದಾಮಿ ಎಲೆಗಳನ್ನು ಹಿಡಿದು ಸಾಲಿನುದ್ದಕ್ಕೂ ಬಂದವನು, ಇವರ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಕೇಳಿದ.

"ಇಲ್ಲಿಗೆ ಎಷ್ಟು ಎಲೆ ಹಾಸ್ಲಿ? ಒಂದಾ, ಎರಡಾ?"

ಲವಿನಾ ಕೆರ್ವಿನ್‌ನ ಮುಖ ನೋಡಿದಳು. ಈ ಸಲ ನಾಚಿಕೆಗೆ ಸುಳ್ಳು ಹೇಳಲಿಲ್ಲ.

"ಒಂದೇ ಸಾಕು, ಮಾವ."

ಎಲೆಯ ಮೇಲೆ ಮೀನು ಬಿದ್ದವು. ಕೆರ್ವಿನ್ ಮಂಡಿಯೂರಿ ಕೂತು, ಎರಡೂ ಕೈ ಚಾಚಿದ.