ಯಹೈರಾ ಸೋತಳೆಂದುಕೊಂಡ ಚಳಿಗಾಲ

"ಇಷ್ಟು ದೊಡ್ಡ ತೂತು ಬಿಟ್ಟಿದ್ದೀಯಲ್ಲ, ಇದ್ರಲ್ಲಿ ತಿನ್ನೋಕೇನಿದೆ?" ಎಂದು ನೇರಿಯೊ ಮೊದಲ ದಿನವೇ ಕೇಳಿದ್ದ. ಅವನ ಕೈಯಲ್ಲಿದ್ದದ್ದು ಬಳೆಯಾಕಾರದ ಮಂಡೋಕ. ಬಾಳೆಹಣ್ಣು, ಜೋಳದ ಹಿಟ್ಟು, ಚೀಸ್ ಕಲಸಿ ಕರಿದದ್ದು.

ಯಹೈರಾ ಬಾಣಲೆಯಿಂದ ತಲೆಯೆತ್ತಲಿಲ್ಲ. "ತೂತು ಬಿಟ್ಟಿ ಕಣೋ. ಬೇಕಾದ್ರೆ ಮನೆಗೂ ನಾಲ್ಕು ತಗೊಂಡು ಹೋಗು."

ಆಮೇಲೆ ಓರೆಗಣ್ಣಿನಲ್ಲಿ ಒಮ್ಮೆ ನೋಡಿದಳು. ತುಟಿ ಬಿಗಿದೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು.

ಆ ಧಾಟಿಯಲ್ಲೇ ಇವಳು ತನ್ನ ಮರಕೈಬೊದವಳು ಎಂದು ಅವನಿಗೆ ಗೊತ್ತಾಗಿಹೋಯಿತು. ವೆನೆಜುವೆಲಾದ ಆ ಬಿಸಿಲೂರಿನಲ್ಲಿ ಮೆಚ್ಚಿದವರ ಕಾಲೆಳೆಯುವುದೇ ಪದ್ಧತಿ. ಅಲ್ಲಿ ಹೊಗಳಿದವರ ಮೇಲೆ ಅನುಮಾನ, ಛೇಡಿಸಿದವರ ಮೇಲೆ ನಂಬಿಕೆ. ಬದುಕು ಕೆಟ್ಟು ಊರು ಬಿಟ್ಟು ಪೆರುವಿನ ಲೀಮಾಕ್ಕೆ ಬಂದು ಬಿದ್ದವರು ಇಬ್ಬರೂ. ಅವನು ಮಾರ್ಕೆಟ್ಟಿನ ಮೂಲೆಯಲ್ಲಿ ಕ್ಷೌರದಂಗಡಿಯಲ್ಲಿದ್ದ, ಅವಳ ಗಾಡಿ ಎದುರಿಗೇ. ದಿನವಿಡೀ ರಸ್ತೆಯ ಆಚೆ ಈಚೆ ಮಾತಿನ ಚೆಂಡಾಟ. ಕೊನೆಯ ಮಾತು ಯಾವಾಗಲೂ ಅವಳದೇ. ಸೋತು ಸೋತೇ ಅವನು ಅವಳನ್ನು ಪ್ರೀತಿಸಿದ. ಅದನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ ಇಲ್ಲ, ಇಬ್ಬರೂ ಕೈ ಹಿಡಿದು ಓಡಾಡತೊಡಗಿದ ಮೇಲೂ.

ಜೂನ್ ಬಂತು, ಅಲ್ಲಿಗದು ಚಳಿಗಾಲ. ಕತ್ತೆಹೊಟ್ಟೆ ಎಂದು ಲೀಮಾದವರೇ ಕರೆಯುವ ಬೂದು ಆಕಾಶ ತಲೆಯ ಮೇಲೆ ಕೂತಿತು. ಬಟ್ಟೆ ಒಣಗಲಿಲ್ಲ, ಸೂರ್ಯನ ಸುಳಿವಿರಲಿಲ್ಲ. ಯಹೈರಾ ಗಾಡಿ ತೆರೆಯುವುದು ತಡವಾಗುತ್ತ ಹೋಯಿತು. ಮಂಡೋಕ ಒಮ್ಮೊಮ್ಮೆ ಸೀದಿರುತ್ತಿತ್ತು. ನೇರಿಯೊ ಛೇಡಿಸಿದರೆ ಅವಳು ಸುಮ್ಮನೆ ನಕ್ಕುಬಿಡುತ್ತಿದ್ದಳು, ತಿರುಗಿ ಏನೂ ಅನ್ನುತ್ತಿರಲಿಲ್ಲ.

ಅಂತೂ ಗೆದ್ದೆ ಎಂದುಕೊಂಡ ಆ ಹುಚ್ಚಪ್ಪ. ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದ ಕೂಡ.

ಒಂದು ಭಾನುವಾರ ಮರಕೈಬೊದವರೆಲ್ಲ ಸೇರಿ ಉಣ್ಣುತ್ತಿದ್ದಾಗ ಅವಳು ಅವನ ಕಡೆ ಬಾಗಿ, "ನೇರಿಯೊ, ಬೆಳಿಗ್ಗೆ ಎದ್ರೆ ಎದೆ ಮೇಲೆ ಯಾರೋ ಕೂತಂಗಿರುತ್ತೆ. ಏಳಕ್ಕೇ ಮನಸ್ಸಾಗಲ್ಲ," ಎಂದಳು.

ಅವನ ನಾಲಿಗೆ ಯೋಚಿಸಲು ಕಾಯಲಿಲ್ಲ. "ಯಾರು ಕೂತಿರೋದು? ನಮ್ಮತ್ತೇನಾ? ಹಂಗಾದ್ರೆ ಬಾಡಿಗೆ ಕೇಳು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ತಟ್ಟೆಯಲ್ಲಿದ್ದುದು ಹಾಗೇ ಉಳಿದಿತ್ತು. ಅದನ್ನು ಅವನು ಕಂಡಿದ್ದ. ಕಂಡೂ ಇನ್ನೊಂದು ಜೋಕು ಹೇಳಿದ್ದ.

ಮರುವಾರ ಗಾಡಿ ತೆರೆಯಲೇ ಇಲ್ಲ. ಫೋನಿಗೆ ಉತ್ತರವಿಲ್ಲ. ಮುನಿಸಿರಬೇಕು, ಇರಲಿ ಎಂದು ಅವನೂ ಬಿಗುಮಾನದಿಂದ ಕೂತ. ಕೊನೆಗೆ ತಡೆಯಲಾರದೆ, ಬಾಯಲ್ಲೊಂದು ಕೊಂಕು ಮಾತನ್ನು ಸಿದ್ಧ ಮಾಡಿಕೊಂಡೇ ಅವಳ ಕೋಣೆಗೆ ಹೋದ. ಬಾಗಿಲು ತೆರೆದವರು ಮನೆಯೊಡತಿ ಎರ್ಮೆಲಿಂದಾ. ಬೆಟ್ಟದ ಕಡೆಯ ಹೆಂಗಸು, ಹೆಚ್ಚು ಮಾತಿಲ್ಲ. ಹುಡುಗಿ ಮೂರು ಹೊತ್ತೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳೆಂದೂ, ತಾನೇ ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆನೆಂದೂ, ಇದು ಸೋಮಾರಿತನವಲ್ಲ, ಖಿನ್ನತೆಯೆಂಬ ಕಾಯಿಲೆ, ಊರು ಬಿಟ್ಟು ಬಂದ ಎಷ್ಟೋ ಜನರನ್ನು ಹಿಡಿಯುತ್ತದೆ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದರೆಂದೂ ತಿಳಿಸಿದರು. ಈಗ ಅವಳು ಲೀಮಾದಿಂದ ಮೇಲೆ, ಕಣಿವೆಯ ಊರು ಚೊಸಿಕಾದಲ್ಲಿ ತಮ್ಮ ತಂಗಿಯ ಬೇಕರಿಯಲ್ಲಿದ್ದಾಳೆ. ಅಲ್ಲಿ ಚಳಿಗಾಲದಲ್ಲೂ ಬಿಸಿಲುಂಟು.

"ನಿನಗೆ ಹೇಳಿದ್ದಳಂತಲ್ಲಪ್ಪ," ಎಂದರು ಆಕೆ. ಆ ಮಾತಿನಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವನು ಚೊಸಿಕಾಗೆ ಹೋಗಲು ಧೈರ್ಯ ಮಾಡುವ ಹೊತ್ತಿಗೆ ಆಗಸ್ಟ್ ಮುಗಿಯುತ್ತ ಬಂದಿತ್ತು. ಬಸ್ಸು ಕಣಿವೆ ಹತ್ತುತ್ತಿದ್ದಂತೆ ಮೋಡ ಹರಿದು ಬಿಸಿಲು ಬಿತ್ತು. ಬೇಕರಿಯ ಮುಂದಿನ ಬೆಂಚಿನ ಮೇಲೆ ಯಹೈರಾ ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೊಡ್ಡಿ ಕೂತಿದ್ದಳು. ಬಡವಾಗಿದ್ದಳು. ಆದರೂ ಕೂದಲು ಬಾಚಿಕೊಂಡಿದ್ದಳು.

ಪಕ್ಕದಲ್ಲಿ ಕೂತ. "ಅವತ್ತು ನೀನು ಹೇಳಿದ್ದು ನನಗೆ ಕೇಳಿಸಿತ್ತು ಕಣೇ. ಹೆದರ್ಕೊಂಡು ನಗಿಸಿಬಿಟ್ಟೆ," ಎಂದ.

"ಯಾಕೆ ಹೆದರಿಕೆ?"

"ನನಗೂ ಹಂಗೇ ಆಗ್ತಿತ್ತು, ಈಗಲೂ ಆಗುತ್ತೆ. ಒಂದು ಸಾಕ್ಸು ಹಾಕ್ಕೊಂಡು ಮಂಚದ ಮೇಲೇ ಕೂತುಬಿಡ್ತೀನಿ. ಇನ್ನೊಂದು ಹಾಕ್ಕೊಳಕ್ಕಾಗಲ್ಲ."

ಅವಳು ತಿರುಗಿ ಅವನನ್ನು ನಿಧಾನವಾಗಿ ನೋಡಿದಳು. ನಗಲಿಲ್ಲ.

"ಯಾವಾಗಿಂದ?" ಎಂದಳು.

ಆ ಭಾನುವಾರ ಅವನು ಕೇಳಬೇಕಾಗಿದ್ದದ್ದು ಆ ಒಂದೇ ಮಾತು. ಅವನು ಎಲ್ಲ ಹೇಳಿದ. ಅವ್ವನ ಫೋನ್ ಬಂದರೆ ದನಿ ಬದಲಿಸಿ ಮಾತಾಡುವುದು, ಜೋಕು ಹೇಳಿ ಮುಗಿಸಿದ ಮೇಲೆ ಎದೆ ಟೊಳ್ಳಾಗುವುದು. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಆರೋಗ್ಯ ಕೇಂದ್ರದ ದಾರಿ ಹೇಳಿದಳು. ಒಬ್ಬನೇ ಹೋಗಬೇಡ, ಎರ್ಮೆಲಿಂದಾರನ್ನು ಕರೆದುಕೊಂಡು ಹೋಗು ಎಂದಳು.

"ನಿನ್ನ ಮೇಲೆ ಜೀವಾನೇ ಇಟ್ಕೊಂಡಿದ್ದೀನಿ, ಯಹೈರಾ. ವಾಪಸ್ ಬರ್ತೀಯಾ?"

ಅವಳು ಲಂಗಕ್ಕಂಟಿದ ಹಿಟ್ಟು ಕೊಡವಿಕೊಂಡಳು. "ಇದನ್ನ ಜೂನ್‌ನಲ್ಲಿ ಹೇಳಿದ್ರೆ ಅಲ್ಲೇ ಉಳೀತಿದ್ನೇನೋ. ಈಗ ಬರಲ್ಲ ನೇರಿಯೊ. ನೀನು ಎದುರಿಗಿದ್ರೆ, ನಗು ಬರದಿದ್ರೂ ನಗಬೇಕಾಗುತ್ತೆ ಅನ್ಸುತ್ತೆ. ಅದಕ್ಕೆ ಇನ್ನೂ ಶಕ್ತಿ ಇಲ್ಲ ನನಗೆ."

ಅವನು ಹೂಂ ಎಂದ. ವಾದ ಮಾಡಲಿಲ್ಲ.

ಬಸ್ಸು ಬರುವವರೆಗೂ ಅವಳು ಅವನ ಕೈ ಹಿಡಿದುಕೊಂಡೇ ಇದ್ದಳು. ಅವಳ ಅಂಗೈ ಬೆಚ್ಚಗಿತ್ತು. ಅವನು ಹತ್ತುವಾಗ, ನಾಳೆ ಕೇಂದ್ರಕ್ಕೆ ಹೋಗಿಬಂದ ಮೇಲೆ ಫೋನ್ ಮಾಡು, ಆದದ್ದನ್ನು ಆದ ಹಾಗೇ ಹೇಳು ಎಂದಳು. ಅವನು ಕಿಟಕಿಯ ಪಕ್ಕ ಕೂತು ಅತ್ತ. ಎದುರು ಸೀಟಿನವರು ನೋಡಿದರು. ಅವನು ಮುಖ ಮುಚ್ಚಿಕೊಳ್ಳಲಿಲ್ಲ.